ಸಂತೆಗಲ್ಲಿನ ಮೇಲರ್ಧ

ಕೆಳಗಿನ ಅರ್ಧ ಸಿಕ್ಕಿತ್ತು. ಮೇಲಿನ ಅರ್ಧ ಹುಡುಕಿಕೊಡಿ ಎಂದು ನನ್ನನ್ನು ಕರೆಸಿದ್ದರು.

ಸುನಾಮಿ ಬಂದುಹೋದ ಮರುವರ್ಷದ ಮಾತು. ಜಪಾನಿನ ಈಶಾನ್ಯ ಕರಾವಳಿಯ ಆ ಸಣ್ಣ ಬಂದರಿನ ಊರಲ್ಲಿ ಸಮುದ್ರದ ಕಡೆಯ ಬೀದಿಗಳೆಲ್ಲ ತೊಳೆದುಹೋಗಿ ಮನೆಗಳ ತಳಪಾಯ ಮಾತ್ರ ಉಳಿದಿದ್ದವು. ಸಂತೆಬೀದಿಯೂ ಹೋಗಿತ್ತು. ಮೂರು ಮತ್ತು ಎಂಟರಲ್ಲಿ ಕೊನೆಯಾಗುವ ತಾರೀಕುಗಳಂದು ಅಲ್ಲಿ ಸಂತೆ ಕೂಡುತ್ತಿತ್ತಂತೆ. ಬೀದಿಯ ನಡುವೆ ಆಳೆತ್ತರದ ಒಂದು ಕಲ್ಲು. ಅದರ ಮೇಲೆ ಒಂದರ ಕೆಳಗೊಂದು ಎರಡೇ ಅಕ್ಷರ: ಇಚಿ, ಕಾಮಿ. ಇಚಿ ಎಂದರೆ ಸಂತೆ, ಕಾಮಿ ಎಂದರೆ ದೇವರು. ಎರಡೂ ಕೂಡಿ ಇಚಿಗಾಮಿ. ಗುಡಿಯಿಲ್ಲ, ಪೂಜಾರಿಯಿಲ್ಲ. ಹಿಂದೆ ಒಬ್ಬ ಪಾಳೆಯಗಾರ ಈ ಊರಿಗೆ ಸಂತೆ ಕೂಡಿಸುವ ಅಪ್ಪಣೆ ಕೊಟ್ಟಾಗ ನೆಟ್ಟದ್ದು ಎಂದು ಹೇಳುತ್ತಿದ್ದರು. ತೂಕದ ಜಗಳಗಳು ಅದರ ಮುಂದೆ ತೀರುತ್ತಿದ್ದವು. ಬೆಂಕಿ ಬಿದ್ದಾಗ ಒಮ್ಮೆ, ರಸ್ತೆ ಅಗಲ ಮಾಡಿದಾಗ ಇನ್ನೊಮ್ಮೆ ಜಾಗ ಬದಲಾಯಿಸಿದ್ದು ಬಿಟ್ಟರೆ ಕಲ್ಲು ಸಂತೆಯನ್ನು ಬಿಟ್ಟು ಹೋದದ್ದಿಲ್ಲ. ಸಮುದ್ರ ಬಂದ ದಿನ ಅದು ನಡುವಿಗೆ ಮುರಿಯಿತು. ದೇವರು ಎಂಬ ಅಕ್ಷರವಿದ್ದ ಕೆಳಭಾಗ ಅಲ್ಲೇ ಮಣ್ಣಲ್ಲಿ ಹೂತು ನಿಂತಿತ್ತು. ಸಂತೆ ಎಂಬ ಅಕ್ಷರವಿದ್ದ ಮೇಲ್ಭಾಗ ಕಾಣೆಯಾಗಿತ್ತು.

ನಾನು ಆಗ ಕೋಬೆಯಲ್ಲಿ, ಗೋರಿಕಲ್ಲು ಆಮದು ಮಾಡುವ ಕಂಪನಿಯೊಂದರಲ್ಲಿ ತಪಾಸಣೆಗಾರ. ನಮ್ಮ ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಗ್ರಾನೈಟು ಹಡಗಿನಿಂದ ಇಳಿದ ಮೇಲೆ, ಒಂದು ಮನೆತನದ ಗೋರಿಗೆ ಬೇಕಾದ ಏಳೆಂಟು ತುಂಡುಗಳ ಬಣ್ಣ, ಹರಳು, ಎಳೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ ಹೌದು ಅಥವಾ ಅಲ್ಲ ಎನ್ನುವುದು ನನ್ನ ಕೆಲಸ. ಆ ಊರಿನ ಕಲ್ಲುಕೆಲಸದ ಯಜಮಾನ ನಮ್ಮ ಗಿರಾಕಿ. ಎಲ್ಲರೂ ಅವರನ್ನು ಒಯಾಕಾತಾ, ಅಂದರೆ ಮೇಸ್ತ್ರಿ, ಎಂದೇ ಕರೆಯುತ್ತಿದ್ದರು. ಹಿಂದೊಮ್ಮೆ ಅವರ ಅಂಗಳದಲ್ಲಿ ಹನ್ನೆರಡು ಹಲಗೆಗಳ ನಡುವಿಂದ ಬೇರೆ ಗಣಿಯ ಒಂದೇ ಒಂದನ್ನು ನಾನು ನೀರು ಕೂಡ ಹಾಕದೆ ಆರಿಸಿ ತೆಗೆದಿದ್ದೆ. ಅದನ್ನವರು ಮರೆತಿರಲಿಲ್ಲ. "ಕಲ್ಲು ಗುರುತಿಸುವ ಕಣ್ಣು ಬೇಕೆಂದರೆ ಕೋಬೆಯ ಆ ಇಂಡಿಯಾದವರನ್ನು ಕರೆಸಿ" ಎಂದು ಪುರಸಭೆಗೆ ಹೇಳಿದವರು ಅವರೇ. ಆ ಮಾತು ನನ್ನ ಕಿವಿಗೆ ಬಿದ್ದಿತ್ತು. ನಾನು ಹೋದದ್ದರಲ್ಲಿ ಅದರ ಪಾಲೂ ಇತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ಮೀನು ಒಣಗಿಸುತ್ತಿದ್ದ ಹಳೆಯ ಬಯಲಿನಲ್ಲಿ ಅವಶೇಷಗಳನ್ನು ಗುಡ್ಡೆ ಹಾಕಿದ್ದರು. ಮರ ಒಂದು ಕಡೆ, ಕಬ್ಬಿಣ ಒಂದು ಕಡೆ, ಕಾಂಕ್ರೀಟು ಮತ್ತು ಕಲ್ಲು ಇನ್ನೊಂದು ಕಡೆ. ಮನೆತನದ ಹೆಸರಿದ್ದ ಗೋರಿಕಲ್ಲುಗಳನ್ನು ಆಗಲೇ ಬೌದ್ಧ ಗುಡಿಯ ಅಂಗಳಕ್ಕೆ ಸಾಗಿಸಿದ್ದರು. ಕಾಂಕ್ರೀಟನ್ನು ಪುಡಿಮಾಡಿ, ಊರಿನ ನೆಲ ಎತ್ತರಿಸಲು ಹಾಸುವ ಕೆಲಸ ಶುರುವಾಗಿತ್ತು. ಪುರಸಭೆಯ ಸಂಸ್ಕೃತಿ ವಿಭಾಗದ ಅಧಿಕಾರಿಣಿ, ಮೂವತ್ತೈದರ ಆಸುಪಾಸಿನ ಹೆಂಗಸು, ಗುತ್ತಿಗೆದಾರರ ಹಿಂದೆ ಬಿದ್ದು, ಉಳಿಯ ಗುರುತಿದ್ದ ಕಲ್ಲುಗಳನ್ನೆಲ್ಲ ಪುಡಿಯಂತ್ರಕ್ಕೆ ಹಾಕದೆ ಬೇರೆ ಇಡಿಸಿದ್ದಳು. ಮುನ್ನೂರಕ್ಕೂ ಮಿಕ್ಕಿ ತುಂಡುಗಳು. ಮೆಟ್ಟಿಲು, ಕಂಬ, ದೀಪದ ಕಲ್ಲು, ಕಟ್ಟೆಯ ಕಲ್ಲು.

ನನಗೆ ಕೊಟ್ಟದ್ದು ಹನ್ನೊಂದು ದಿನ. ಮೊದಲು ಕೆಳಗಿನ ಅರ್ಧವನ್ನು ಪೂರ್ತಿ ಓದಿಕೊಂಡೆ. ತಿಳಿಬೂದು ಬಣ್ಣ, ಎಳ್ಳಿನಂಥ ಕಪ್ಪು ಹರಳು, ಅಲ್ಲಲ್ಲಿ ಬೊಗಸೆಯಗಲದ ಕಪ್ಪು ಮಚ್ಚೆ. ಬಂದರಿನ ಹಿಂದಿನ ಬೆಟ್ಟದ್ದೇ ಕಲ್ಲು. ಆಮೇಲೆ ಒಂದೊಂದು ತುಂಡಿಗೂ ಸೀಮೆಸುಣ್ಣದಲ್ಲಿ ಅಂಕಿ ಹಾಕುವುದು, ಬ್ರಷ್ಷಿನಿಂದ ಉಜ್ಜುವುದು, ನೀರು ಚಿಮುಕಿಸಿ ಭೂತಗಾಜಿನಲ್ಲಿ ನೋಡುವುದು, ಸಣ್ಣ ಸುತ್ತಿಗೆಯಿಂದ ತಟ್ಟಿ ದನಿ ಕೇಳುವುದು. ಒಸಾಕಾದ ಒಬ್ಬ ಸಂಶೋಧಕ ಗೆಳೆಯನಿಂದ ಕಲ್ಲಿನ ಕಾಂತಗುಣ ಅಳೆಯುವ ಅಂಗೈಯಗಲದ ಯಂತ್ರ ಕೇಳಿ ತಂದಿದ್ದೆ. ಅದನ್ನು ಐದು ಕಡೆ ಒತ್ತಿ ಅಂಕಿ ಬರೆದುಕೊಳ್ಳುವುದು. ಸೆಕೆ, ನೊಣ, ಕೊಳೆತ ಮೀನಿನ ವಾಸನೆ. ಅಧಿಕಾರಿಣಿ ಹೆಲ್ಮೆಟ್ ಹಾಕಿಕೊಂಡು ನನ್ನ ಹಿಂದೆ ಪಟ್ಟಿ ಬರೆಯುತ್ತ ಬರುತ್ತಿದ್ದಳು. ಪಟ್ಟಿಯಲ್ಲಿ ಮೂರು ಕಾಲಂ. ಅದೇ ಕಲ್ಲು, ಅದಲ್ಲ, ನಿರ್ಧರಿಸಲಾಗದು.

ಒಂಬತ್ತನೆಯ ದಿನ ಬೆಳಿಗ್ಗೆ ಆ ತುಂಡು ಸಿಕ್ಕಿತು. ಅಗಲ, ದಪ್ಪ ಎರಡೂ ಕೆಳಗಿನ ಅರ್ಧದ್ದೇ. ಬೂದು ಅದೇ, ಎಳ್ಳು ಅದೇ, ಕಪ್ಪು ಮಚ್ಚೆಗಳೂ ಇದ್ದವು. ಆದರೆ ಅಗೆಯುವ ಯಂತ್ರದ ಹಲ್ಲು ತಾಗಿ ಮುಖದ ಬಹುಭಾಗ ಸಿಡಿದುಹೋಗಿತ್ತು. ಉಳಿದದ್ದು ಒಂದು ಅಡ್ಡಗೆರೆ, ಅದರ ಮೇಲಕ್ಕೆ ಚಾಚಿದ ಒಂದು ಮೋಟು ಗೆರೆ, ಕೆಳಗೆ ಬಾಗಿಲಚೌಕಟ್ಟಿನಂತೆ ಇಳಿದ ಎರಡು ಗೆರೆ. ಅಧಿಕಾರಿಣಿ ತನ್ನ ಎಡ ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿಕೊಂಡಳು.

"ಪಾಟೀಲ್-ಸಾನ್, ಇಚಿ!" ಎಂದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಆ ಕಡೆ ತಿರುಗಿ ನಿಂತಳು. ಅಷ್ಟು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ.

ಸಂತೆಯವರಿಗೆ ಸುದ್ದಿ ಹೇಗೆ ಮುಟ್ಟಿತೋ. ಮಧ್ಯಾಹ್ನದೊಳಗೆ ತಾತ್ಕಾಲಿಕ ಅಂಗಡಿಗಳಿಂದ ಹತ್ತಿಪ್ಪತ್ತು ಜನ ಬಂದರು. ಉಪ್ಪು, ಒಂದು ಮೂಲಂಗಿ, ಸಣ್ಣ ಬಟ್ಟಲಲ್ಲಿ ಸಾಕೆ ಎಂಬ ಅಕ್ಕಿಯ ಮದ್ಯ ತಂದು ಕಲ್ಲಿನ ಮುಂದಿಟ್ಟರು. ಒಬ್ಬೊಬ್ಬರಾಗಿ ಬಗ್ಗಿ ಕೈಯಿಟ್ಟರು. ಸಂತೆ ಸಂಘದ ಅಧ್ಯಕ್ಷರು, ಉಪ್ಪಿನಕಾಯಿ ಮಾರುವ ಎಪ್ಪತ್ತು ದಾಟಿದ ಮುದುಕ, ಎಲ್ಲರಿಗಿಂತ ಕೊನೆಗೆ ಬಂದರು. ಅವರ ಪಕ್ಕದ ಅಂಗಡಿಯಲ್ಲೇ ಕೂರುತ್ತಿದ್ದ ಅವರ ತಮ್ಮ ಇನ್ನೂ ಸಿಕ್ಕಿರಲಿಲ್ಲ. ಕಲ್ಲಿನ ಮೇಲೆ ಅಂಗೈಯಿಟ್ಟು ಅವರು ಮೆಲ್ಲಗೆ, "ಬಂದೆಯಾ" ಎಂದರು.

ಉಳಿದ ಎರಡು ದಿನ ನಾನು ಆ ಒಂದೇ ತುಂಡಿನ ಜೊತೆ ಕಳೆದೆ.

ಕೆಳಗಿನ ಅರ್ಧದಲ್ಲಿ ಕಲ್ಲಿನ ಎಳೆ ನೆಟ್ಟಗೆ ನಿಂತಿತ್ತು. ಈ ತುಂಡಿನಲ್ಲಿ ಅದು ಒಂದು ಬದಿಗೆ ವಾಲಿತ್ತು. ಒಂದೇ ಕಲ್ಲಿನೊಳಗೆ ಎಳೆ ಹಾಗೆ ತಿರುಗುವುದು ತೀರ ಅಪರೂಪ. ಕಾಂತಗುಣದ ಅಂಕಿಯೂ ತುಸು ಕಡಿಮೆ ಬಂತು. ಮುರಿದ ಬಾಯಿಗಳನ್ನು ಜೋಡಿಸಿ ನೋಡೋಣವೆಂದರೆ ಎರಡೂ ಮರಳಲ್ಲಿ ಉರುಳಿ ಸವೆದಿದ್ದವು. ಎಡಬದಿಯಲ್ಲಿ ನುಣುಪಾದ ಒಂದು ತೋಡು ಇತ್ತು. ಸಂತೆಗಲ್ಲಿಗೆ ಕುದುರೆ ಕಟ್ಟುತ್ತಿದ್ದರು ಎಂದು ಅಧ್ಯಕ್ಷರು ಹೇಳಿದ್ದರಿಂದ, ಹಗ್ಗ ಉಜ್ಜಿದ ಗುರುತು ಎಂದು ಬರೆದೆ. ಇನ್ನೊಂದು ಸಂಗತಿ. ಆ ಬಾಗಿಲಚೌಕಟ್ಟಿನ ಒಳಗೆ, ಸಿಡಿದ ಭಾಗದ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಒಂದು ಕಚ್ಚು ಕಂಡಿತು. ಉಳಿಯಿಂದ ಆದದ್ದಾಗಿದ್ದರೆ ಅದು ಇಚಿ ಅಕ್ಷರದಲ್ಲಿ ಇರಬಾರದ ಗೆರೆ. ಯಂತ್ರದ ಹಲ್ಲಿನಿಂದಲೂ ಆಗಿರಬಹುದು. ನಕ್ಷೆಯಲ್ಲಿ ಅದನ್ನು ಚುಕ್ಕಿಗಳಲ್ಲಿ ಗುರುತಿಸಿ, ಪಕ್ಕದಲ್ಲಿ ಗಾಯ ಎಂದು ಬರೆದೆ.

ಅಲ್ಲ ಎನ್ನುವ ಕಡೆ ಎಳೆ, ಅಂಕಿ, ಕಚ್ಚು. ಹೌದು ಎನ್ನುವ ಕಡೆ ಬಣ್ಣ, ಅಳತೆ, ಮಚ್ಚೆ, ತೋಡು, ಮತ್ತೆ ಸಂತೆಯ ದಿನ ತೆಗೆದ ಒಂದೇ ಒಂದು ಮಸುಕು ಫೋಟೊ. ಅದರಲ್ಲಿ ಕಲ್ಲಿನ ಎಡಹೆಗಲು ಇಳಿಜಾರು. ನಮ್ಮ ತುಂಡಿನದೂ ಇಳಿಜಾರೇ.

ಹೊರಡುವ ಹಿಂದಿನ ಸಂಜೆ ಅಧ್ಯಕ್ಷರು ನಾನಿಳಿದುಕೊಂಡಿದ್ದ ವಸತಿಗೆ ಬಂದರು. ಬಾಗಿಲಲ್ಲೇ ಬಗ್ಗಿ, ಕೈಯಲ್ಲಿದ್ದ ಉಪ್ಪಿನಕಾಯಿ ಪೊಟ್ಟಣ ಮುಂದಿಟ್ಟು ಕೂತರು.

"ನಿರ್ಧರಿಸಲಾಗದು ಎಂದು ಬರೆದರೆ ಏನಾಗುತ್ತದೆ, ಪಾಟೀಲ್-ಸಾನ್?"

"ಪುರಸಭೆಯವರಿಗೆ ಗೊತ್ತು. ಬಹುಶಃ ಅಲ್ಲೇ ಅಂಗಳದಲ್ಲಿ ಇರುತ್ತದೆ."

"ಅಂಗಳ ಮಾರ್ಚಿಗೆ ಮುಚ್ಚುತ್ತದೆ."

"ಆಮೇಲೆ?"

"ಪುಡಿಯಂತ್ರ" ಎಂದರು. ಹೊರಡುವಾಗ, "ನಮ್ಮವರಿಗೆ ಮನೆ ಹೋಯಿತು, ಅಂಗಡಿ ಹೋಯಿತು. ಹುಡುಕಿದ್ದು ಸಿಕ್ಕಿತು ಅಂತ ಒಂದಾದರೂ ಆಗಲಿ ಅನ್ನುತ್ತಿದ್ದಾರೆ" ಎಂದರು. ನನ್ನನ್ನು ಅವರು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ನಿರಾಕರಿಸುವುದು ಸುಲಭವಾಗುತ್ತಿತ್ತೋ ಏನೋ.

ಮರುದಿನ ನಾನು ಮೊದಲ ಕಾಲಂನಲ್ಲಿ ಗುರುತು ಹಾಕಿದೆ. ಅದೇ ಕಲ್ಲು. ಸಹಿ, ಮೊಹರು. ಪಟ್ಟಿಯಲ್ಲಿ ಅರುವತ್ತು ಚಿಲ್ಲರೆ ತುಂಡುಗಳು ಇನ್ನೂ ಬಾಕಿಯಿದ್ದವು. ರೈಲಿಗೆ ಮೂರು ಗಂಟೆ ಸಮಯವಿತ್ತು. ಅವುಗಳ ನಡುವೆ ಒಂದು ಸುತ್ತು ನಡೆದು, ಅದಲ್ಲ, ಅದಲ್ಲ ಎಂದು ಹೇಳುತ್ತ ಹೋದೆ. ಅಧಿಕಾರಿಣಿ ಬರೆದುಕೊಂಡಳು. ನಾನು ನೀರು ಹಾಕಲಿಲ್ಲ, ತಟ್ಟಲಿಲ್ಲ. ಬೇಕಾದ್ದು ಸಿಕ್ಕಾಗಿತ್ತಲ್ಲ.

ಮುಂದಿನ ವರ್ಷ ಎತ್ತರಿಸಿದ ನೆಲದ ಮೇಲೆ ಹೊಸ ಸಂತೆಕಟ್ಟೆ ಆಯಿತು. ಒಯಾಕಾತಾ ಎರಡು ಅರ್ಧಗಳಲ್ಲಿ ಮೂರು ಮೂರು ತೂತು ಕೊರೆದು, ತುಕ್ಕು ಹಿಡಿಯದ ಉಕ್ಕಿನ ಸರಳು ಕೂರಿಸಿದರು. ಸುಣ್ಣದ ಗಾರೆಯಲ್ಲಿ ಜೋಡಿಸಿದರೆ ಮುಂದೆ ಬೇಕಾದಾಗ ಬಿಡಿಸಬಹುದು ಎಂದು ನಾನು ಫೋನಿನಲ್ಲಿ ಹೇಳಿದೆ. "ಬಿಡಿಸುವುದು ಯಾಕೆ? ಮತ್ತೆ ಭೂಮಿ ಅಲುಗಿದರೆ ಮೇಲಿನದು ಜನರ ಮೇಲೆ ಬೀಳುತ್ತದೆ" ಎಂದು ಅವರು ಎಪಾಕ್ಸಿ ಅಂಟು ತುಂಬಿದರು. ಅದು ಸರಿಯಾದ ಮಾತೇ. ಸಿಡಿದುಹೋದ ಮುಖದ ಮೇಲೆ ಹೊಸದಾಗಿ ಅಕ್ಷರ ಕೊರೆಯುವುದು ಬೇಡ, ಇದ್ದಂತೆ ಇರಲಿ ಎಂದು ಸಂಘದವರು ತೀರ್ಮಾನಿಸಿದರು. ಕಲ್ಲು ನಿಂತಿತು. ಮೂರು ಮತ್ತು ಎಂಟರ ದಿನಗಳಂದು ಮತ್ತೆ ಸಂತೆ ಕೂಡತೊಡಗಿತು. ನನಗೆ ಫೋಟೊ ಕಳಿಸಿದರು. ಕೋಬೆಯ ಆಫೀಸಿನಲ್ಲಿ ಅದನ್ನು ಗೋಡೆಗೆ ಅಂಟಿಸಿದರು.

ಎರಡು ವರ್ಷ ಹಾಗೇ ಹೋಯಿತು.

ಒಂದು ವಸಂತದಲ್ಲಿ ಅಧಿಕಾರಿಣಿ ಫೋನು ಮಾಡಿದಳು. ದನಿ ತಗ್ಗಿತ್ತು. ಸಂತೆಗೆ ಒಬ್ಬ ಅಜ್ಜಿ ಬರತೊಡಗಿದ್ದಾಳೆ, ವಾಕಾಮೆ ಎಂಬ ಕಡಲಪಾಚಿಯ ದಂಟು ಮಾರುತ್ತಾಳೆ. ಮೊದಲ ದಿನ ಕಲ್ಲಿನ ಮುಂದೆ ಬಹಳ ಹೊತ್ತು ನಿಂತು ಹೋದಳು. ಮುಂದಿನ ಸಂತೆಗೆ ಹೂವು ತಂದು ಇಟ್ಟಳು. ಬಿಳಿ, ಹಳದಿ ಸೇವಂತಿಗೆ.

"ಅಧ್ಯಕ್ಷರು ಹತ್ತಿರ ಹೋಗಿ, ಅಜ್ಜಿ, ಇದು ಗೋರಿಗೆ ಇಡುವ ಹೂವಲ್ಲವೇ ಅಂದರಂತೆ. ಅಜ್ಜಿ ಸುಮಿಮಾಸೆನ್, ತಪ್ಪಾಯಿತು ಅಂತ ಬಗ್ಗಿ ಹೂವನ್ನೆಲ್ಲ ಎತ್ತಿಕೊಂಡಳಂತೆ. ಪಾಟೀಲ್-ಸಾನ್, ಅವಳು ಅದನ್ನು ತಮ್ಮೂರ ಕಲ್ಲು ಅನ್ನುತ್ತಿದ್ದಾಳೆ."

ನನ್ನ ಮನಸ್ಸಿಗೆ ಮೊದಲು ಬಂದದ್ದು ಆ ಅಜ್ಜಿಯಲ್ಲ, ಆ ಸಂತೆಯಲ್ಲ. ನಕ್ಷೆಯಲ್ಲಿ ಚುಕ್ಕಿ ಹಾಕಿ ಗಾಯ ಎಂದು ಬರೆದ ಕಚ್ಚು.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು. "ಗೊತ್ತಿಲ್ಲಂತ ಬರದಿದ್ರ ನಿಮ್ಮ ಮರ್ಯಾದಿ ಹೋಗತಿತ್ತೇನ್ರಿ?" ಎಂದಳು. ಬೈಗುಳದ ದನಿಯಲ್ಲಿ ಅಲ್ಲ.

ಮುಂದಿನ ಸಂತೆಯ ದಿನ ಅಲ್ಲಿದ್ದೆ. ಅಜ್ಜಿ ಗಿಡ್ಡ ಆಳು, ಬೆನ್ನು ಬಾಗಿತ್ತು. ಕೊಲ್ಲಿಯ ಆಚೆ, ಭೂಶಿರದ ಹಿಂದಿನ ಹದಿನಾಲ್ಕು ಮನೆಗಳ ಹಳ್ಳಿಯವಳು. ಹಳ್ಳಿಯಲ್ಲಿ ಈಗ ಯಾರೂ ಇಲ್ಲ. ಮನೆ ಕಟ್ಟಬಾರದ ಜಾಗ ಎಂದು ಸರ್ಕಾರ ಹಲಗೆ ನೆಟ್ಟಿತ್ತು. ಅವಳು ಒಳನಾಡಿನ ತಾತ್ಕಾಲಿಕ ಮನೆಗಳಲ್ಲಿ ಒಬ್ಬಳೇ ಇದ್ದಳು.

"ನಿಮ್ಮ ಕೆಲಸಕ್ಕೆ ತೊಂದರೆ ಮಾಡಿಬಿಟ್ಟೆ, ಸುಮಿಮಾಸೆನ್" ಎಂದಳು ಮೊದಲ ಮಾತಿಗೇ.

"ಏನು ನೋಡಿ ಗುರುತು ಹಿಡಿದಿರಿ?"

ಅವಳು ನನ್ನ ಕೈ ಹಿಡಿದು ಕಲ್ಲಿನ ಎಡಬದಿಗೆ ಒಯ್ದಳು. ಆ ನುಣುಪು ತೋಡಿನೊಳಗೆ ನನ್ನ ಬೆರಳನ್ನು ಇಟ್ಟಳು. "ಪಾಚಿ ಕೊಯ್ಯಲು ಇಳಿಯುವಾಗ ಕುಡುಗೋಲನ್ನು ಇಲ್ಲಿ ಮಸೆಯುತ್ತಿದ್ದೆವು. ನಮ್ಮತ್ತೆ ಬೈಯುತ್ತಿದ್ದರು, ಸತ್ತವರ ಕಲ್ಲು ಅದು, ಮಸೆಗಲ್ಲಲ್ಲ ಅಂತ. ಬೈದು ಆಮೇಲೆ ಅವರೂ ಮಸೆಯುತ್ತಿದ್ದರು."

ಹಿಂದೆ ಇನ್ನೊಂದು ದೊಡ್ಡ ಅಲೆ ಬಂದು ಆ ಹಳ್ಳಿಯವರು ಸತ್ತಾಗ ಉಳಿದವರು ನೆಟ್ಟ ಕಲ್ಲಂತೆ. ಅದರ ಮೇಲೆ ಇದ್ದದ್ದು ನಮು ಅಮಿದ ಬುತ್ಸು, ಅಮಿತಾಭ ಬುದ್ಧನಿಗೆ ನಮಸ್ಕಾರ ಎಂಬ ಒಂದು ಸಾಲು. ಆ ನಮು ನಮ್ಮ ನಮೋ. ಅದನ್ನು ಬರೆಯುವ ಮೊದಲ ಅಕ್ಷರಕ್ಕೂ ಇಚಿಗೂ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಮೇಲೆ ಮೋಟು ಗೆರೆ, ಅಡ್ಡಗೆರೆ, ಕೆಳಗೆ ಬಾಗಿಲಚೌಕಟ್ಟು. ವ್ಯತ್ಯಾಸವೆಲ್ಲ ಚೌಕಟ್ಟಿನ ಒಳಗೆ: ನಮುವಿನ ಅಕ್ಷರದಲ್ಲಿ ಅಲ್ಲಿ ಎದುರುಬದುರು ಎರಡು ಸಣ್ಣ ಗೆರೆ ಇರುತ್ತವೆ, ಇಚಿಯಲ್ಲಿ ಇರುವುದಿಲ್ಲ.

ಕಲ್ಲಿನ ಸುತ್ತ ಕಪ್ಪು ಬಟ್ಟೆ ಕಟ್ಟಿಸಿದೆ. ಒಳಗೆ ಕೂತು ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿ, ಬೆಳಕು ಅಡ್ಡಡ್ಡಲಾಗಿ ಹಾಯುವಂತೆ ಹಿಡಿದೆ. ಆ ಅಕ್ಕಿಕಾಳಿನಷ್ಟು ಕಚ್ಚಿನ ಬುಡ ಇಂಗ್ಲಿಷಿನ ವಿ ಅಕ್ಷರದಂತೆ ಚೂಪಾಗಿತ್ತು. ಎರಡೂ ಬದಿಯ ಗೋಡೆ ಸಮ. ಯಂತ್ರದ ಹಲ್ಲು ಹಾಗೆ ಕೊರೆಯುವುದಿಲ್ಲ, ಜಜ್ಜುತ್ತದೆ. ತೆಳು ಕಾಗದ ಒದ್ದೆ ಮಾಡಿ ಒತ್ತಿ, ಮಸಿಯ ಉಂಡೆಯಿಂದ ತಟ್ಟಿ ಅಚ್ಚು ತೆಗೆದೆ. ಕಚ್ಚಿನ ಎದುರುಗಡೆ, ಅದೇ ಎತ್ತರದಲ್ಲಿ, ಇನ್ನೊಂದರ ಬುಡ ಬಿಳಿಯಾಗಿ ಮೂಡಿತು. ಇದೆಲ್ಲ ಮೊದಲ ಸಲವೇ ಮಾಡಬಹುದಾಗಿದ್ದ ಕೆಲಸ. ಕಾಗದ, ಮಸಿ, ಟಾರ್ಚು ಎಲ್ಲವೂ ಆಗ ನನ್ನ ಚೀಲದಲ್ಲೇ ಇದ್ದವು.

ಒಯಾಕಾತಾ ತಮ್ಮ ಕಲ್ಲಂಗಳಕ್ಕೆ ನನ್ನನ್ನು ಕರೆದರು. ಚಹಾ ಕೊಟ್ಟರು. ಅಚ್ಚಿನ ಕಾಗದವನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು.

"ಇಷ್ಟನ್ನು ನೋಡಿ ಇದು ಆ ಕಲ್ಲಲ್ಲ ಎಂದು ಹೇಳಲು ಆಗುತ್ತದೆಯೇ?"

"ಆಗುತ್ತದೆ."

"ಅಜ್ಜಿ ಕಲ್ಲನ್ನು ವಾಪಸು ಕೇಳುತ್ತಿಲ್ಲ. ಅವಳೂ ಇಲ್ಲೇ ಇರಲಿ ಅನ್ನುತ್ತಾಳೆ. ಯಾರಿಗೂ ಬೇಡದ್ದನ್ನು ನೀವು ಯಾಕೆ ಎಬ್ಬಿಸಬೇಕು? ಸುಮ್ಮನಿದ್ದರೆ ಸಾಕು. ಅಂಟು ಹಾಕಿದವನು ನಾನು. ಅದನ್ನು ಬಿಡಿಸುವುದೆಂದರೆ ಏನು ಅಂತ ನಿಮಗೆ ಗೊತ್ತು."

ಗೊತ್ತಿತ್ತು. ಬಿಡಿಸಲು ಬರುವುದಿಲ್ಲ, ಕತ್ತರಿಸಬೇಕು. ಕತ್ತರಿಸಿದರೆ ಎರಡೂ ಕಲ್ಲು ಸವೆಯುತ್ತವೆ. ಸುಮ್ಮನಿದ್ದರೆ ಮೂವರಿಗೂ ಕ್ಷೇಮ. ಅವರಿಗೆ, ನನಗೆ, ನಮ್ಮ ಕಂಪನಿಗೆ. ಆ ಚಹಾ ಮುಗಿಯುವವರೆಗೂ ನಾನು ನಿಜವಾಗಿ ಆ ದಾರಿಯನ್ನೇ ನೋಡುತ್ತಿದ್ದೆ. ಆದರೆ ಆ ಮುದುಕಿ ಸಂತೆಯ ಎಲ್ಲರ ಮುಂದೆ ಬಗ್ಗಿ ತನ್ನ ಹೂವನ್ನು ಎತ್ತಿಕೊಂಡಿದ್ದಳು. ತನ್ನವರ ಕಲ್ಲಿನ ಮುಂದೆ ಕ್ಷಮೆ ಕೇಳಿದ್ದಳು. ನನ್ನ ಸಹಿಯಿಂದ ಆದದ್ದು ಅದು.

"ಎರಡನೆಯ ವರದಿ ಬರೆಯುತ್ತೇನೆ" ಎಂದೆ.

ಅವರು ಎದ್ದು ಒಳಗೆ ಹೋದರು. ತಿರುಗಿ ಬರಲಿಲ್ಲ.

ಸಂಘದ ಸಭೆ ಸಂತೆಕಟ್ಟೆಯ ಪಕ್ಕದ ಕೋಣೆಯಲ್ಲಿ, ಹಗಲಲ್ಲೇ ಸೇರಿತು. ನಾನು ನಿಂತು ಓದಿದೆ. ಎಳೆ, ಅಂಕಿ, ತೋಡು, ಕಚ್ಚು. ಇವನ್ನೆಲ್ಲ ಮೊದಲ ತಪಾಸಣೆಯಲ್ಲೇ ನೋಡಿದ್ದೆ, ನೋಡಿಯೂ ಅದೇ ಕಲ್ಲು ಎಂದು ಬರೆದೆ ಎಂಬುದನ್ನೂ ಓದಿದೆ. ಅಧಿಕಾರಿಣಿ ತಲೆ ತಗ್ಗಿಸಿ ಕೂತಿದ್ದಳು. ಯಾರೂ ಸಿಟ್ಟಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅಧ್ಯಕ್ಷರು ಕೇಳಿದರು. "ಹಾಗಾದರೆ ನಮ್ಮದು ಎಲ್ಲಿ?"

"ಗೊತ್ತಿಲ್ಲ."

"ಆ ಅಂಗಳದ ಉಳಿದ ಕಲ್ಲುಗಳನ್ನು ನೋಡಿದ್ದಿರಲ್ಲ?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಬಾರದಿರಲಿ ಎಂದೂ ಬಯಸಿದ್ದೆ. "ಎಲ್ಲವನ್ನೂ ನೋಡಲಿಲ್ಲ. ಇದು ಸಿಕ್ಕ ಮೇಲೆ ಅರುವತ್ತಕ್ಕೂ ಹೆಚ್ಚು ತುಂಡುಗಳನ್ನು ಸುಮ್ಮನೆ ದಾಟಿಕೊಂಡು ಹೋದೆ. ಅದಲ್ಲ ಎಂದು ಬರೆಸಿದೆ."

"ಅವು ಎಲ್ಲಿ ಹೋದವು?" ಎಂದು ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು.

ಅಧಿಕಾರಿಣಿ ಉತ್ತರಿಸಿದಳು. ಪುಡಿಯಂತ್ರಕ್ಕೆ ಹೋದವು. ಅಲ್ಲಿಂದ ನೆಲ ಎತ್ತರಿಸಲು.

ಅಧ್ಯಕ್ಷರು ಕಾಲ ಕೆಳಗಿನ ನೆಲವನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು. ಸಂತೆಕಟ್ಟೆ ನಿಂತದ್ದು ಆ ಎತ್ತರಿಸಿದ ನೆಲದ ಮೇಲೆಯೇ.

ಅಜ್ಜಿಯನ್ನು ಸಭೆಗೆ ಕರೆಸಿದ್ದರು. ಕಲ್ಲು ಇಲ್ಲೇ ಇರಲಿ ಎಂದು ಅವಳು ಮತ್ತೆ ಹೇಳಿದಳು. "ಅಲ್ಲಿ ಯಾರೂ ಇಲ್ಲ. ಇಲ್ಲಿ ಜನ ಓಡಾಡುತ್ತಾರೆ. ನಮ್ಮವರಿಗೆ ಬೇಸರವಾಗುವುದಿಲ್ಲ."

ಅಧ್ಯಕ್ಷರು ತಲೆಯಾಡಿಸಿದರು. "ನಿಮ್ಮವರ ಕಲ್ಲಿನ ಮುಂದೆ ನಾವು ಎರಡು ವರ್ಷ ವ್ಯಾಪಾರ ಚೆನ್ನಾಗಿ ಆಗಲಿ ಅಂತ ಕೈಮುಗಿದೆವು. ಇನ್ನು ಹಾಗೆ ಮಾಡಲು ಆಗುವುದಿಲ್ಲ, ಅಜ್ಜಿ. ಅವರನ್ನು ಮನೆಗೆ ಕಳಿಸೋಣ."

ಕತ್ತರಿಸಿದ್ದು ಶರತ್ಕಾಲದಲ್ಲಿ. ಬೇರೆ ಊರಿನಿಂದ ಕೆಲಸಗಾರರನ್ನು ಕರೆಸುವ ಮಾತು ಬಂದಿತ್ತು. ಒಯಾಕಾತಾ ಒಪ್ಪಲಿಲ್ಲ, ತಾವೇ ಬಂದರು. ವಜ್ರದ ಮಣಿ ಪೋಣಿಸಿದ ಉಕ್ಕಿನ ತಂತಿಯನ್ನು ಜೋಡಣೆಯ ಸುತ್ತ ಬಳಸಿ ಯಂತ್ರದಿಂದ ಎಳೆಯುವುದು, ಒಂದೇ ಸಮ ನೀರು ಬಿಡುವುದು. ಬೂದುಬಣ್ಣದ ಕೆಸರು ಹಾಲಿನಂತೆ ಇಳಿಯುತ್ತಿತ್ತು. ತಂತಿ ಉಕ್ಕಿನ ಸರಳಿಗೆ ತಾಗಿದಾಗ ದನಿ ಬದಲಾಯಿತು. ಮೊದಲ ಸರಳು ತುಂಡಾಯಿತು, ಎರಡನೆಯದೂ ಆಯಿತು. ಮೂರನೆಯದರಲ್ಲಿ ತಂತಿ ಸಿಕ್ಕಿಕೊಂಡಿತು. ಒಯಾಕಾತಾ ಯಂತ್ರ ನಿಲ್ಲಿಸಿ, ಬೆಣೆ ಹೊಡೆದು ಸಡಿಲಿಸುವಾಗ ಒಂದು ಸಣ್ಣ ಸದ್ದಾಯಿತು, ಒಣ ಕಡ್ಡಿ ಮುರಿದ ಹಾಗೆ.

ಕೆಳಗಿನ ಅರ್ಧದ ಎಡಮೂಲೆ ಅಂಗೈಯಗಲ ಸಿಡಿದು ಬಿತ್ತು. ಅದರ ಜೊತೆ ದೇವರು ಎಂಬ ಅಕ್ಷರದ ಮೊದಲ ಗೆರೆಯೂ ಹೋಯಿತು. ಸುನಾಮಿ ಮುಟ್ಟದೆ ಬಿಟ್ಟಿದ್ದ ಗೆರೆ ಅದು.

ಅವರು ಚೂರುಗಳನ್ನು ಒಂದು ಬಟ್ಟೆಯಲ್ಲಿ ಆರಿಸಿ ಕಟ್ಟಿದರು. ನನ್ನ ಕಡೆ ನೋಡಲಿಲ್ಲ. ಮತ್ತೆ ಯಂತ್ರ ಹಚ್ಚಿದರು.

ಸಂಜೆ ಅಧಿಕಾರಿಣಿ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. "ನೀವು ಅವತ್ತು ಹಾಗೆ ಬರೆಯದಿದ್ದರೆ ಅಜ್ಜಿಯ ಕಲ್ಲು ಜಲ್ಲಿಯಾಗಿ ಹೋಗುತ್ತಿತ್ತು" ಎಂದಳು. ನಿಜ. ಆದರೆ ನಾನು ಬರೆದದ್ದು ಅಜ್ಜಿಯ ಕಲ್ಲನ್ನು ಉಳಿಸಲಿಕ್ಕಲ್ಲ. ಆ ಸಮಾಧಾನವನ್ನು ನಾನು ಅವಳಿಗೆ ವಾಪಸು ಕೊಟ್ಟೆ.

ಭೂಶಿರದ ಹಿಂದೆ, ಹಳ್ಳಿಗೆ ಇಳಿಯುವ ದಾರಿಯ ಮೇಲ್ಗಡೆ ಅಲೆ ಮುಟ್ಟದ ಒಂದು ಜಾಗದಲ್ಲಿ ಅಜ್ಜಿಯ ಕಲ್ಲನ್ನು ನಿಲ್ಲಿಸಿದೆವು. ಬೌದ್ಧ ಗುಡಿಯ ಪೂಜಾರಿ, ಅಜ್ಜಿ, ಒಯಾಕಾತಾ ಮತ್ತು ಅವರ ಇಬ್ಬರು ಆಳು, ಅಧಿಕಾರಿಣಿ, ನಾನು. ಕೆಳಗೆ ಹದಿನಾಲ್ಕು ಮನೆಗಳಿದ್ದ ಕಡೆ ಹುಲ್ಲು ಎದೆಯೆತ್ತರ ಬೆಳೆದಿತ್ತು. ಈ ಸಲ ಸುಣ್ಣದ ಗಾರೆ. ಮಂತ್ರ ಮುಗಿದ ಮೇಲೆ ಅಜ್ಜಿ ಸುತ್ತ ನೋಡಿ, "ಹುಲ್ಲು ಯಾರು ಕೀಳುತ್ತಾರೆ? ನಾನಿನ್ನು ಎಷ್ಟು ವರ್ಷ ಹತ್ತಿ ಬರುತ್ತೇನೆ?" ಎಂದಳು. ಯಾರನ್ನೂ ನೋಡಿ ಕೇಳಿದ್ದಲ್ಲ. ನಮ್ಮಲ್ಲಿ ಬೇರೆ ಯಾರೂ ಆ ಊರಿನವರಾಗಿರಲಿಲ್ಲ.

ಒಯಾಕಾತಾ ನಮ್ಮ ಕಂಪನಿಯಿಂದ ಕಲ್ಲು ತರಿಸುವುದನ್ನು ನಿಲ್ಲಿಸಿದರು. ಕೋಬೆಯ ನನ್ನ ಮೇಲಧಿಕಾರಿ ಗೋಡೆಯ ಮೇಲಿನ ಫೋಟೊ ತೆಗೆಸಿದರು. ಕೆಲವು ತಿಂಗಳು ನನ್ನನ್ನು ತಪಾಸಣೆಯಿಂದ ಬಿಡಿಸಿ ಹಡಗಿನ ಕಾಗದಪತ್ರಗಳ ಮೇಜಿಗೆ ಕೂರಿಸಿದರು. ಮತ್ತೆ ಕಲ್ಲಿನ ಮುಂದೆ ನಿಂತಾಗ ಒಂದೊಂದು ಹಲಗೆಗೂ ಎರಡೆರಡು ಸಲ ನೀರು ಹಾಕುತ್ತಿದ್ದೆ. ಜೊತೆಯವರಿಗೆ ಅದು ಬೇಸರ ತರುತ್ತಿತ್ತು.

ಆ ಊರಿಗೆ ಕೊನೆಯ ಸಲ ಹೋದದ್ದು ಫಲಕದ ಕೆಲಸಕ್ಕೆ. ಸಂತೆಕಟ್ಟೆಯಲ್ಲಿ ಈಗ ಅರ್ಧ ಕಲ್ಲು, ಮೂಲೆ ಮುರಿದ ಒಂದೇ ಅಕ್ಷರ. ಹೊರಗಿನಿಂದ ಬಂದವರು ಇದೇನು ಎಂದು ಕೇಳುತ್ತಾರೆ, ಕಲ್ಲಿನ ಚರಿತ್ರೆಯನ್ನು ನಾಲ್ಕು ಸಾಲಿನಲ್ಲಿ ಬರೆದು ನಿಲ್ಲಿಸೋಣ ಎಂದು ಸಂಘ ತೀರ್ಮಾನಿಸಿತ್ತು. ಕರಡು ನನ್ನಿಂದಲೇ ಬರಲಿ ಎಂದು ಹೇಳಿಕಳಿಸಿದವರು ಅಧ್ಯಕ್ಷರು. ಸಂತೆಯ ಅಪ್ಪಣೆ, ಬೆಂಕಿ, ರಸ್ತೆ, ಸುನಾಮಿ ಎಲ್ಲ ಬರೆದೆ. ಕೊನೆಯಲ್ಲಿ ಹೀಗೆ ಬರೆದೆ. ಮೇಲಿನ ಅರ್ಧ ಸಿಕ್ಕಿಲ್ಲ. ಎರಡು ವರ್ಷ ಅದರ ಜಾಗದಲ್ಲಿ ಬೇರೆ ಹಳ್ಳಿಯ ಸತ್ತವರ ಕಲ್ಲು ನಿಂತಿತ್ತು. ತಪಾಸಣೆ ಮಾಡಿದವನ ತಪ್ಪಿನಿಂದ ಹಾಗಾಯಿತು. ಅದರ ಮುಂದೆ ನನ್ನ ಹೆಸರು.

ಅಧಿಕಾರಿಣಿ ಕೆಂಪು ಪೆನ್ನಿನಿಂದ ಆ ಸಾಲನ್ನು ಹೊಡೆದು, ಬೇರೆ ಕಲ್ಲು ನಿಂತಿದ್ದ ಒಂದು ಅವಧಿಯೂ ಇತ್ತು ಎಂದು ತಿದ್ದಿದ್ದಳು. ಯಾರ ತಪ್ಪೂ ಅಲ್ಲದ ಹಾಗೆ ವಾಕ್ಯ ಕಟ್ಟುವುದು ಜಪಾನಿ ಭಾಷೆಯಲ್ಲಿ ಬಲು ಸುಲಭ. ಅವಳದು ಒಳ್ಳೆಯ ಮನಸ್ಸೇ. ನಾನು ಒಪ್ಪಲಿಲ್ಲ. ಇಬ್ಬರೂ ಅಧ್ಯಕ್ಷರ ಅಂಗಡಿಗೆ ಹೋದೆವು.

ಅವರು ಕೈ ತೊಳೆದು, ಕನ್ನಡಕ ಹಾಕಿಕೊಂಡು, ಎರಡೂ ಸಾಲುಗಳನ್ನು ಬಾಯಿಬಿಟ್ಟು ಓದಿದರು. ಗಿರಾಕಿಯೊಬ್ಬಳು ಕಾಯುತ್ತ ನಿಂತಿದ್ದಳು.

"ತಪ್ಪಿನಿಂದ ಅನ್ನುವುದು ಇರಲಿ" ಎಂದು ಅಧಿಕಾರಿಣಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಹೆಸರು ಬೇಡ."

"ತಪ್ಪು ನನ್ನದು, ಅಧ್ಯಕ್ಷರೇ."

"ಅವತ್ತು ಸಂಜೆ ಉಪ್ಪಿನಕಾಯಿ ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದವನು ನಾನು" ಎಂದರು. ಪೆನ್ನು ತೆಗೆದುಕೊಂಡು, ತಪಾಸಣೆ ಮಾಡಿದವನ ಎಂಬುದರ ಮೇಲೂ ನನ್ನ ಹೆಸರಿನ ಮೇಲೂ ಗೆರೆ ಎಳೆದು, ತಪ್ಪಿನಿಂದ ಎಂಬುದರ ಮೊದಲು ದೊಡ್ಡ ಅಕ್ಷರದಲ್ಲಿ ನಮ್ಮ ಎಂದು ಬರೆದರು. ಕಾಗದ ವಾಪಸು ಕೊಟ್ಟು, ಕಾಯುತ್ತಿದ್ದ ಹೆಂಗಸಿಗೆ ಮೂಲಂಗಿಯ ಉಪ್ಪಿನಕಾಯಿ ತೂಗಲು ಎದ್ದರು.